ಗೋದಾಮಿನ ನೆಲವನ್ನು ಕುಣಿದು ಪರೀಕ್ಷಿಸಬಾರದೆಂಬುದರ ಕುರಿತು

ಗೋದಾಮು ನಿರ್ಮಾಣ ಇಲಾಖೆ
(ನೆಲ ಮತ್ತು ಮಣ್ಣು ಶಾಖೆ)

ಸಂಖ್ಯೆ: ಗೋನಿಇ/ನೆಲ/ಕುಣಿತ/1
ದಿನಾಂಕ: ಕೆಸರು ಒಣಗಿದ ಮೇಲಿನ ಮೊದಲ ಕೆಲಸದ ದಿನ

ಸುತ್ತೋಲೆ

ವಿಷಯ: ಹೊಸ ಗೋದಾಮಿನ ನೆಲ ಗಟ್ಟಿಯಿದೆಯೇ ಇಲ್ಲವೇ ಎಂಬುದನ್ನು ಅಧಿಕಾರಿಗಳು ಸ್ವತಃ ಕುಣಿದು, ನೆಗೆದು ಅಥವಾ ಹಿಮ್ಮಡಿಯಿಂದ ಗುದ್ದಿ ತೀರ್ಮಾನಿಸುವುದನ್ನು ನಿಷೇಧಿಸುವ ಬಗ್ಗೆ.

ಉಲ್ಲೇಖ: 1) ಸಹಾಯಕ ಎಂಜಿನಿಯರ್ ಅವರ ಮಣ್ಣು ಪರೀಕ್ಷಾ ವರದಿ.
2) ರೋಲರ್ ಚಾಲಕರ ಮೌಖಿಕ ಹೇಳಿಕೆ: "ಕಲ್ಲು ಸಾರ್, ಕಲ್ಲು."
3) ಮುಖ್ಯಾಧಿಕಾರಿಗಳ ಕುಣಿತ.

ಪೀಠಿಕೆ:

ಹೊಸ ಗೋದಾಮಿನ ಜಾಗದಲ್ಲಿ ನಡೆದ ಘಟನೆಗೆ ರೆಕ್ಕೆಪುಕ್ಕ ಕಟ್ಟಿ ಕಚೇರಿಯ ವರಾಂಡದಲ್ಲಿ, ಬಸ್ ನಿಲ್ದಾಣದಲ್ಲಿ ಹಾಗೂ ಕ್ಷೌರದಂಗಡಿಯಲ್ಲಿ ಕಥೆ ಹೇಳಲಾಗುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಮುಖ್ಯಾಧಿಕಾರಿಗಳು ಕುತ್ತಿಗೆಯವರೆಗೆ ಹೂತಿದ್ದರೆಂದೂ, ಹೂತ ಸ್ಥಿತಿಯಲ್ಲೇ ಕಂತೆಗಟ್ಟಲೆ ಕಡತಗಳಿಗೆ ಸಹಿ ಹಾಕಿದರೆಂದೂ ಹಬ್ಬಿರುವ ಮಾತು ಸಂಪೂರ್ಣ ಸುಳ್ಳು. ಅವರು ಹೂತಿದ್ದು ಸೊಂಟದವರೆಗೆ ಮಾತ್ರ. ಸಹಿ ಹಾಕಿದ್ದು ಒಂದೇ ಕಡತಕ್ಕೆ.

ಬರೀ ನಿಯಮಗಳನ್ನಷ್ಟೇ ಹೊರಡಿಸಿದರೆ ಓದಿದವರು ನಗುವ ಸಂಭವವಿದೆ. ನಡೆದದ್ದನ್ನು ಸವಿವರವಾಗಿ ಹೇಳಿದರೆ ಇನ್ನೂ ಹೆಚ್ಚು ನಗುವ ಸಂಭವವಿದೆ. ಆದರೂ ನಗುವುದಾದರೆ ಸರಿಯಾದ ಮಾಹಿತಿಯ ಆಧಾರದ ಮೇಲೆ ನಗಲಿ ಎಂಬ ಉದ್ದೇಶದಿಂದ, ಯಾವ ನಿಯಮ ಯಾವ ಪ್ರಸಂಗದಿಂದ ಹುಟ್ಟಿತೆಂಬುದನ್ನು ಆಯಾ ಕಲಮಿನಲ್ಲೇ ವಿವರಿಸಿ, ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಅವಸರದ ಕುರಿತು

ಇಲಾಖೆಯ ಹಳೆಯ ಗೋದಾಮಿನ ಚಾವಣಿಯಲ್ಲಿ ಆಕಾಶ ಕಾಣಿಸತೊಡಗಿದ್ದರಿಂದ ಅಲ್ಲಿದ್ದ ಧಾನ್ಯದ ಚೀಲಗಳನ್ನು ತಾತ್ಕಾಲಿಕವಾಗಿ ಕಚೇರಿಗೆ ಸಾಗಿಸಲಾಗಿತ್ತು. ತಾತ್ಕಾಲಿಕ ಎಂಬ ಪದಕ್ಕೆ ಇಲಾಖೆಯಲ್ಲಿ ಏನರ್ಥವೆಂಬುದು ಎಲ್ಲರಿಗೂ ತಿಳಿದದ್ದೇ. ಚೀಲಗಳು ಮೊದಲು ಮೆಟ್ಟಿಲ ಕೆಳಗೆ ಕುಳಿತವು, ಆಮೇಲೆ ಮೆಟ್ಟಿಲ ಮೇಲೆ ಹತ್ತಿದವು, ಕೊನೆಗೆ ಸಭಾಂಗಣಕ್ಕೆ ನುಗ್ಗಿ ಕುರ್ಚಿಗಳನ್ನು ಹೊರಗೆ ಹಾಕಿದವು. ಸಿಬ್ಬಂದಿ ಸಭೆಗಳು ಚೀಲಗಳ ಮೇಲೆಯೇ ನಡೆಯುತ್ತಿದ್ದವು: ಹಿರಿಯ ಅಧಿಕಾರಿಗಳಿಗೆ ಅಕ್ಕಿ, ಕಿರಿಯರಿಗೆ ಜೋಳ. ಇಲಿಗಳು ಕಡತಗಳ ಕಪಾಟಿನಲ್ಲಿ ಸಂಸಾರ ಹೂಡಿ, ಮಕ್ಕಳು ಮರಿ ಮಾಡಿಕೊಂಡು ಸುಖವಾಗಿದ್ದವು. ಮಳೆಗಾಲ ಹತ್ತಿರ ಬರುತ್ತಿತ್ತು. ಕಚೇರಿಯ ಚಾವಣಿಯಾದರೋ ಹಳೆಯ ಗೋದಾಮಿನ ಚಾವಣಿಗೆ ಒಡಹುಟ್ಟಿದ ತಮ್ಮ. ಮಳೆ ಬಂದರೆ ಊರಿನ ಅನ್ನವೆಲ್ಲ ಕಚೇರಿಯಲ್ಲೇ ಮೊಳಕೆಯೊಡೆಯುತ್ತಿತ್ತು.

ಹೀಗಾಗಿ ಹೊಸ ಗೋದಾಮು ಬೇಗ ಏಳಬೇಕೆಂದು ಮುಖ್ಯಾಧಿಕಾರಿಗಳು ಅಕ್ಕಿ ಚೀಲದ ಮೇಲೆ ಕುಳಿತು ಅಪ್ಪಣೆ ಕೊಡಿಸಿದರು. ಅವರು ದೇಹದಲ್ಲೂ ಮನಸ್ಸಿನಲ್ಲೂ ದೊಡ್ಡವರು. ಅವಸರದಲ್ಲಿ ಇವೆರಡಕ್ಕಿಂತಲೂ ದೊಡ್ಡವರು.

ಇನ್ನು ಮುಂದೆ ಚೀಲದ ಮೇಲೆ ಕುಳಿತು ತೆಗೆದುಕೊಂಡ ಯಾವುದೇ ನಿರ್ಣಯವನ್ನು ನೆಲದ ಮೇಲೆ ನಿಂತು ಮತ್ತೊಮ್ಮೆ ಓದತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

2. ಸಂಬೋಧನೆಯ ಕುರಿತು

ಹೊಸ ಜಾಗದ ನೆಲ ಪರೀಕ್ಷಿಸುವ ಹೊಣೆಯನ್ನು ಸಹಾಯಕ ಎಂಜಿನಿಯರ್ ಅವರಿಗೆ ವಹಿಸಲಾಗಿತ್ತು. ಕಚೇರಿಯಲ್ಲಿ ಇವರನ್ನು ಮಣ್ಣು ಮೇಡಂ ಎಂದು ಕರೆಯಲಾಗುತ್ತದೆ. ಯಾವ ಮಣ್ಣು ಸಿಕ್ಕರೂ ಮೊದಲು ಮೂಸಿ, ಆಮೇಲೆ ಅಂಗೈಯಲ್ಲಿ ತಿಕ್ಕಿ, ಕೊನೆಗೆ ಉಂಡೆ ಕಟ್ಟಿ ನೋಡದೆ ಅವರು ಮಾತಾಡುವುದಿಲ್ಲ.

ನೆಲ ಸಮತಟ್ಟು ಮಾಡಿ ರೋಲರ್ ಹೊಡೆಯುವ ಹೊಣೆಯನ್ನು ಇಲಾಖೆಯ ಅತ್ಯಂತ ಹಿರಿಯ ರೋಲರ್ ಚಾಲಕರಿಗೆ ವಹಿಸಲಾಗಿತ್ತು. ಇವರನ್ನು ಎಲ್ಲರೂ ಯಜಮಾನರು ಎನ್ನುತ್ತಾರೆ. ಇವರ ರೋಲರನ್ನು ಎಲ್ಲರೂ ಎಮ್ಮೆ ಎನ್ನುತ್ತಾರೆ. ಬಣ್ಣ, ನಡಿಗೆ, ಹಟ ಮೂರೂ ಹಾಗೇ ಇರುವುದರಿಂದ ಇಲಾಖೆ ಆಕ್ಷೇಪಿಸಿರುವುದಿಲ್ಲ. ಈ ಕೆಲಸ ಮುಗಿದೊಡನೆ ಯಜಮಾನರು ನಿವೃತ್ತರಾಗಬೇಕಿತ್ತು. ತಾವು ಗಟ್ಟಿಮಾಡಿದ ಯಾವ ನೆಲವೂ ಇಂದಿನವರೆಗೆ ಬಾಯಿಬಿಟ್ಟಿಲ್ಲ ಎಂಬುದು ಅವರ ಹೆಮ್ಮೆ. ಈ ಕೊನೆಯ ನೆಲವನ್ನೂ ಅದೇ ಹೆಸರಿನಲ್ಲಿ ಮುಗಿಸಿ ಇಳಿಯಬೇಕೆಂಬುದು ಅವರ ಆಸೆ.

ಯಜಮಾನರು ಮಣ್ಣು ಮೇಡಂ ಅವರ ಸ್ವಂತ ತಂದೆ.

ಮೊದಲಿನಿಂದಲೂ ರೂಢಿಯಲ್ಲಿರುವಂತೆ, ಜಾಗದ ಗೇಟಿನ ಒಳಗೆ ತಂದೆಯು ಮಗಳನ್ನು "ಮೇಡಂ" ಎಂದೂ, ಮಗಳು ತಂದೆಯನ್ನು "ಡ್ರೈವರೇ" ಎಂದೂ ಕರೆಯತಕ್ಕದ್ದು. ಗೇಟಿನ ಹೊರಗೆ "ಪುಟ್ಟಿ" ಹಾಗೂ "ಅಪ್ಪ" ಚಾಲ್ತಿಯಲ್ಲಿರತಕ್ಕದ್ದು. ಗೇಟಿನ ಹೊಸ್ತಿಲ ಮೇಲೆ ನಿಂತಾಗ ಸುಮ್ಮನಿರತಕ್ಕದ್ದು.

3. ಕಂಬಿಯ ಕುರಿತು

ಮಣ್ಣು ಮೇಡಂ ಜಾಗದ ನಾಲ್ಕೂ ಮೂಲೆಗಳಲ್ಲಿ ಗುಂಡಿ ತೋಡಿಸಿದರು. ಮೂರು ಮೂಲೆಗಳಲ್ಲಿ ಗುದ್ದಲಿ ಠಣ್ ಎಂದಿತು: ಮೇಲೆ ಕೆಂಪು ಮಣ್ಣು, ಕೆಳಗೆ ಗರಸು ಎಂಬ ಒರಟು ಹರಳು ಮಣ್ಣು, ಅದರ ಕೆಳಗೆ ಕಲ್ಲು. ನಾಲ್ಕನೆಯ ಮೂಲೆಯಲ್ಲಿ ಗುದ್ದಲಿ ಬಚಕ್ ಎಂದಿತು. ಮೇಡಂ ಗುಂಡಿಗೆ ಇಳಿದು ನೋಡಿದರು. ಮೇಲಿನ ಒಂದು ಮೊಳ ನೆಲ ಒಣಗಿ ಗಟ್ಟಿಯಾಗಿತ್ತು. ಅದರ ಕೆಳಗೆ ಕರಿ ಜೇಡಿ, ನೀರು ಕುಡಿದು ಮೆತ್ತಗಾಗಿ, ಹಿಂಡಿದರೆ ಬೆರಳ ಸಂದಿಯಿಂದ ಹೊರಬರುವಂಥದ್ದು. ಜೇಡಿಯ ನಡುವೆ ಒಡೆದ ಬಕೆಟ್ಟು, ಒಂಟಿ ಚಪ್ಪಲಿ, ಮಂಚದ ಕಾಲು. ಯಾವುದೋ ಕಾಲದಲ್ಲಿ ಅಲ್ಲೊಂದು ಹೊಂಡವಿತ್ತು. ಊರವರು ತಮಗೆ ಬೇಡವಾದದ್ದನ್ನೆಲ್ಲ ಅದಕ್ಕೆ ಸುರಿದು ಮುಚ್ಚಿ, ಮುಚ್ಚಿದ್ದನ್ನು ಮರೆತಿದ್ದರು.

ಇದಕ್ಕೂ ಮೊದಲೇ ಯಜಮಾನರು ಎಮ್ಮೆಯನ್ನು ಆ ಮೂಲೆಯ ಅಂಚಿನಲ್ಲಿ ಹತ್ತಾರು ಸಲ ಓಡಾಡಿಸಿ, ನೆಲ ಕಲ್ಲಿನಂತಾಗಿದೆ ಎಂದು ಹೇಳಿಬಿಟ್ಟಿದ್ದರು.

ಮೇಡಂ ಕಂಬಿ ತರಿಸಿ ಆ ಮೂಲೆಯಲ್ಲಿ ಊರಿದರು. ಮೇಲಿನ ಪದರ ದಾಟುವವರೆಗೆ ಕಂಬಿ ಮುನಿಸಿಕೊಂಡಿತ್ತು. ದಾಟಿದ್ದೇ ತಡ, ಕಲಸಿದ ಹಿಟ್ಟಿಗೆ ಕಡ್ಡಿ ಚುಚ್ಚಿದಂತೆ ಸರ್ರನೆ ಇಳಿದುಹೋಯಿತು.

"ಡ್ರೈವರೇ, ನೋಡಿದ್ರಾ?"

"ನೋಡ್ದೆ ಮೇಡಂ. ಕಂಬಿ ತೆಳ್ಳಗಿದೆ, ಹೋಗುತ್ತೆ. ಗೋದಾಮು ದಪ್ಪಗಿರುತ್ತೆ, ಅದು ಹೇಗೆ ಹೋಗುತ್ತೆ?"

ಸದರಿ ವಾದದಲ್ಲಿರುವ ದೋಷವನ್ನು ಎಲ್ಲ ಎಂಜಿನಿಯರುಗಳೂ ತಮ್ಮ ಬಿಡುವಿನ ವೇಳೆಯಲ್ಲಿ ಕಂಡುಹಿಡಿಯತಕ್ಕದ್ದು. ಊರಿದ ಕಂಬಿಯನ್ನು ಮರಳಿ ಎಳೆಯುವಾಗ ಬರುವ ಪಚ್ ಎಂಬ ಸದ್ದನ್ನು ಇಲಾಖೆಯ ಅಭಿಪ್ರಾಯವೆಂದು ಭಾವಿಸತಕ್ಕದ್ದಲ್ಲ.

4. ಊಟದ ಹೊತ್ತಿನ ಕುರಿತು

ಮೇಡಂ ತಮ್ಮ ವರದಿಯಲ್ಲಿ ಹೀಗೆ ಬರೆದರು: ನಾಲ್ಕನೆಯ ಮೂಲೆಯ ಜೇಡಿಯನ್ನು ಪೂರ್ತಿ ತೋಡಿ ತೆಗೆಯಬೇಕು, ಆ ಜಾಗಕ್ಕೆ ಗರಸು ಮಣ್ಣು ತುಂಬಬೇಕು, ತೆಳುವಾಗಿ ಹಾಸಿ, ನೀರು ಚಿಮುಕಿಸಿ, ಪ್ರತಿ ಪದರಕ್ಕೂ ರೋಲರ್ ಹೊಡೆಯಬೇಕು. ಇಲ್ಲವಾದರೆ ಮೂರು ಮೂಲೆ ನಿಂತು ಒಂದು ಮೂಲೆ ಇಳಿದು, ಗೋದಾಮು ಮೊಣಕಾಲೂರುತ್ತದೆ.

ಆ ದಿನ ಮನೆಯಲ್ಲಿ ತಂದೆ ಮಗಳು ಊಟಕ್ಕೆ ಕುಳಿತರು. ಯಜಮಾನರು ತಟ್ಟೆ ನೋಡುತ್ತಲೇ ಹೇಳಿದರು: "ಇಡೀ ಊರಿನ ನೆಲ ನನ್ನ ಮಾತು ಕೇಳುತ್ತೆ. ನನ್ನ ಮಗಳೇ ಕೇಳಲ್ಲ."

"ಅಪ್ಪ, ನೀನು ಹೇಳಿದ್ದು ಮೇಲಿನ ನೆಲದ ಬಗ್ಗೆ. ನಾನು ಬರೆದಿದ್ದು ಕೆಳಗಿನದ್ರ ಬಗ್ಗೆ."

"ನಿವೃತ್ತಿ ಹೊತ್ತಲ್ಲಿ ಅಪ್ಪನ ಮಾತಿನ ಕೆಳಗೆ ನೀರಿದೆ ಅಂತ ಬರೆದೆಯಲ್ಲ, ಪುಟ್ಟಿ."

ಮಗಳು ತಟ್ಟೆಯಲ್ಲಿ ಅನ್ನವನ್ನು ಉಂಡೆ ಕಟ್ಟತೊಡಗಿದರು. ಬರೆದದ್ದು ನಿಜ, ಬರೆಯದೆ ಇರುವ ಹಾಗೂ ಇರಲಿಲ್ಲ. ಆಗ ಅಮ್ಮನವರು ಸೌಟನ್ನು ಪಾತ್ರೆಯ ಅಂಚಿಗೆ ಎರಡು ಸಲ ಕುಟ್ಟಿ ತೀರ್ಪು ಕೊಟ್ಟರು: "ಮಣ್ಣು ಗಿಣ್ಣು ಎಲ್ಲ ಚಪ್ಪಲಿ ಜೊತೆ ಆಚೆ ಬಿಟ್ಟು ಬನ್ನಿ. ಒಳಗೆ ತಂದ್ರೆ ಇಬ್ಬರಿಗೂ ಇವತ್ತು ಮಜ್ಜಿಗೆ ಇಲ್ಲ."

ಇಬ್ಬರೂ ಸುಮ್ಮನಾದರು. ಇಲಾಖೆಯ ಇತಿಹಾಸದಲ್ಲಿ ಇಷ್ಟು ಬೇಗ ಜಾರಿಗೆ ಬಂದ ಆದೇಶ ಮತ್ತೊಂದಿಲ್ಲ. ಆದ್ದರಿಂದ ಸದರಿ ಆದೇಶವನ್ನು ಇಲಾಖೆಯ ಎಲ್ಲ ಸಿಬ್ಬಂದಿಯ ಮನೆಗಳಿಗೂ ವಿಸ್ತರಿಸಲಾಗಿದೆ. ಊಟದ ಹೊತ್ತಿನಲ್ಲಿ ಮಣ್ಣಿನ ತೇವಾಂಶ, ಅಡಿಪಾಯದ ಆಳ ಮತ್ತು ಅನ್ನದ ಗಟ್ಟಿತನವನ್ನು ಹೋಲಿಸಿ ಮಾತನಾಡತಕ್ಕದ್ದಲ್ಲ.

5. ನಡಿಗೆ ಮತ್ತು ಕುಣಿತದ ನಡುವಿನ ವ್ಯತ್ಯಾಸದ ಕುರಿತು

ಮಾರನೆಯ ದಿನ ಮುಖ್ಯಾಧಿಕಾರಿಗಳು ತಂದೆ ಮಗಳಿಬ್ಬರನ್ನೂ ಚೀಲಗಳ ಮೇಲೆ ಕೂರಿಸಿ ವಿಚಾರಿಸಿದರು. ಮಗಳು ಜೇಡಿ ಎಂದರು, ತಂದೆ ಕಲ್ಲು ಎಂದರು. ಜೇಡಿ ಎಂದರೆ ತೋಡಬೇಕು, ತೋಡಿದರೆ ತಡವಾಗುತ್ತದೆ, ತಡವಾದರೆ ಮಳೆ ಬರುತ್ತದೆ. ಕಲ್ಲು ಎಂದರೆ ನಾಳೆಯೇ ಅಡಿಪಾಯ. ಮುಖ್ಯಾಧಿಕಾರಿಗಳ ಮನಸ್ಸು ಸಹಜವಾಗಿಯೇ ಕಲ್ಲಿನ ಕಡೆ ವಾಲಿತು.

"ನೋಡಮ್ಮ," ಎಂದು ಅವರು ವರದಿಯ ಒಂದು ಸಾಲಿನ ಮೇಲೆ ಬೆರಳಿಟ್ಟರು, "ನೀವೇ ಬರೆದಿದ್ದೀರಿ, ಸದರಿ ಮೂಲೆಯಲ್ಲಿ ಮನುಷ್ಯರು ನಡೆದಾಡಲು ತೊಂದರೆಯಿಲ್ಲ ಅಂತ. ನಡೆದಾಡೋದಾದ್ರೆ ಇನ್ನೇನು?"

"ಸಾರ್, ಮನುಷ್ಯರು ಬೇರೆ, ಗೋದಾಮು ಬೇರೆ."

"ನಾನೇನು ಗೋದಾಮಿಗಿಂತ ಕಡಿಮೆನಾ?" ಎಂದು ಅವರು ಹೊಟ್ಟೆ ನೀವಿಕೊಂಡು ನಕ್ಕರು. ಸಭೆಯೂ ನಕ್ಕಿತು. "ನಾಳೆ ನಾನೇ ಬರ್ತೀನಿ. ನಾನೇ ನಿಂತು ನೋಡ್ತೀನಿ. ನನ್ನನ್ನ ತಡ್ಕೊಂಡ ನೆಲ ಏನನ್ನಾದ್ರೂ ತಡ್ಕೊಳ್ಳುತ್ತೆ."

ಸದರಿ ಸಾಲನ್ನು ಬರೆದವರು ಮೇಡಂ ಅವರೇ. ನಡೆಯುವವರನ್ನು ಮಾತ್ರ ಯೋಚಿಸಿದ್ದರೇ ಹೊರತು, ದೊಡ್ಡ ಹುದ್ದೆಯ ಉತ್ಸಾಹಿಗಳನ್ನು ಯೋಚಿಸಿರಲಿಲ್ಲವೆಂದು ತಮ್ಮ ವಿವರಣೆಯಲ್ಲಿ ಅವರು ಒಪ್ಪಿಕೊಂಡಿದ್ದಾರೆ. ಇನ್ನು ಮುಂದೆ ಎಲ್ಲ ವರದಿಗಳಲ್ಲೂ "ನಡೆದಾಡಬಹುದು" ಎಂದು ಬರೆದ ಕೂಡಲೇ "ಕುಣಿದಾಡಬಾರದು" ಎಂದೂ, "ನಿಲ್ಲಬಹುದು" ಎಂದು ಬರೆದ ಕೂಡಲೇ "ನಿಂತು ಭಾಷಣ ಮಾಡಬಾರದು" ಎಂದೂ ಕಡ್ಡಾಯವಾಗಿ ಸೇರಿಸತಕ್ಕದ್ದು.

6. ಕುಣಿತದ ಕುರಿತು (ಮುಖ್ಯ ಕಲಮು)

ಮುಖ್ಯಾಧಿಕಾರಿಗಳು ಬೆಳಿಗ್ಗೆಯೇ ಬಂದರು. ಇಸ್ತ್ರಿ ಮಾಡಿದ ಪ್ಯಾಂಟು, ಮುಖ ಕಾಣುವಷ್ಟು ಹೊಳೆಯುವ ಬೂಟು. ಜೇಡಿ ತೋಡಲು ಅನುಮತಿ ಕೋರುವ ಕಡತವನ್ನು ಕಂಕುಳಲ್ಲಿಟ್ಟುಕೊಂಡು ಮೇಡಂ ಅವರನ್ನು ಹಿಂಬಾಲಿಸಿದರು. ಯಜಮಾನರು ಎಮ್ಮೆಯ ಮೇಲೆ ಕುಳಿತು ದೂರದಿಂದ ನೋಡುತ್ತಿದ್ದರು.

ನಾಲ್ಕನೆಯ ಮೂಲೆಯ ಅಂಚಿನಲ್ಲಿ ಮೇಡಂ, "ಸಾರ್, ನಡೆದು ನೋಡಿ, ಸಾಕು," ಎಂದರು.

ಅವರು ನಡೆದರು. ನೆಲಕ್ಕೆ ಏನೂ ಆಗಲಿಲ್ಲ. ನಡುವೆ ಹೋಗಿ ನಿಂತರು. ಆಗಲೂ ಏನೂ ಆಗಲಿಲ್ಲ. ಅಲ್ಲಿಗೆ ಬಿಟ್ಟಿದ್ದರೆ ಈ ಸುತ್ತೋಲೆಯ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಅವರು ಒಂದು ಕಾಲಿನ ಹಿಮ್ಮಡಿಯಿಂದ ನೆಲ ಗುದ್ದಿ, ಕಿವಿಗೊಟ್ಟು ಕೇಳಿ, "ಕಲ್ಲು!" ಎಂದರು. ಎರಡೂ ಕಾಲು ಸೇರಿಸಿ ಒಮ್ಮೆ ನೆಗೆದು, "ಬಂಡೆ!" ಎಂದರು. ಯಜಮಾನರ ಮುಖ ಅರಳಿತು. ಮೇಡಂ ಅವರ ಕಾಲ ಕೆಳಗಿನ ನೆಲ ಹಾಸಿಗೆಯ ಹಾಗೆ ಮೆಲ್ಲಗೆ ಅಲುಗಿದ್ದು ಅವರಿಗೆ ಮಾತ್ರ ಗೊತ್ತಾಯಿತು.

"ಸಾರ್, ಸಾಕು ಬನ್ನಿ! ನೆಲ ತೂಗ್ತಾ ಇದೆ!"

"ತೂಗಲಿ ಬಿಡಮ್ಮ, ಮಗು ಮಲಗಲಿ!" ಎಂದು ನಗುತ್ತ, ಕೈ ಎರಡೂ ಮೇಲೆತ್ತಿ ಅವರು ಇನ್ನೊಮ್ಮೆ ನೆಗೆದರು.

ಮೇಲೆ ಹೋದದ್ದನ್ನು ಎಲ್ಲರೂ ನೋಡಿದ್ದಾರೆ. ಕೆಳಗೆ ಬಂದವರು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಬಿಸಿ ಹಾಲಿನ ಕೆನೆಗೆ ಬೆರಳು ಹಾಕಿದಂತೆ ಮೇಲಿನ ಪದರ ಸೀಳಿ, ಅವರು ಸೊಂಟದವರೆಗೆ ಒಳಗಿಳಿದು, ಎತ್ತಿದ ಕೈ ಎತ್ತಿದಂತೆಯೇ ಉಳಿದರು.

ಆ ಕ್ಷಣದಲ್ಲಿ ಮೇಡಂ ಅವರ ಮನಸ್ಸಿನಲ್ಲಿ ಮೊದಲು ಹೊಳೆದದ್ದು "ನಾನು ಹೇಳಲಿಲ್ವಾ!" ಎಂಬ ಸಂತೋಷವೆಂದೂ, ಅದರ ಬೆನ್ನಿಗೇ ಜೀವ ಬಾಯಿಗೆ ಬಂತೆಂದೂ ಅವರೇ ತಿಳಿಸಿರುತ್ತಾರೆ. ತಮ್ಮ ಮಾತು ನಿಜವಾಯಿತೆಂಬ ಸಂತೋಷವನ್ನು ಇನ್ನು ಮುಂದೆ ಅಧಿಕಾರಿಗಳು ಪೂರ್ತಿ ಹೊರಬಂದ ನಂತರವೇ ಪಡತಕ್ಕದ್ದು. ಅಧಿಕಾರಿಗಳು ನೆಲದ ಮೇಲೆ ಕುಣಿಯುವುದನ್ನು, ಹುದ್ದೆ ಹಾಗೂ ದೇಹಭಾರ ಎಷ್ಟೇ ಇರಲಿ, ಈ ಮೂಲಕ ನಿಷೇಧಿಸಲಾಗಿದೆ. ತಡೆಯಲಾರದಷ್ಟು ಕುಣಿಯಬೇಕೆನಿಸಿದವರು ಕಚೇರಿಯ ತಾರಸಿಯ ಮೇಲೂ ಕುಣಿಯತಕ್ಕದ್ದಲ್ಲ (ಕಲಮು 1ರಲ್ಲಿ ಚಾವಣಿಯ ಬಗ್ಗೆ ಹೇಳಿದ್ದನ್ನು ನೋಡುವುದು).

7. ಎಳೆಯುವಿಕೆಯ ಕುರಿತು

ಮುಖ್ಯಾಧಿಕಾರಿಗಳು ಒದ್ದಾಡಿದಷ್ಟೂ ಜೇಡಿ ಅವರನ್ನು ಪ್ರೀತಿಯಿಂದ ಅಪ್ಪಿಕೊಳ್ಳುತ್ತಿತ್ತು. "ಸಾರ್, ಅಲ್ಲಾಡಬೇಡಿ! ಹಿಂದಕ್ಕೆ ಒರಗಿ, ಕುರ್ಚಿಗೆ ಒರಗಿದ ಹಾಗೆ!" ಎಂದು ಮೇಡಂ ಕೂಗಿದರು. ಒರಗುವುದು ಅಭ್ಯಾಸವಿದ್ದ ಕೆಲಸವಾದ್ದರಿಂದ ಅವರು ಕೂಡಲೇ ಒರಗಿದರು, ಇಳಿಯುವುದು ನಿಂತಿತು.

ಅಷ್ಟರಲ್ಲಿ ಯಜಮಾನರು ಹಗ್ಗ ಹೆಗಲಿಗೆ ಹಾಕಿಕೊಂಡು, ಎಮ್ಮೆಯನ್ನು ಗಡಗಡನೆ ಹೊಡೆದುಕೊಂಡು ಬಂದರು.

"ಡ್ರೈವರೇ, ರೋಲರ್ ತರಬೇಡಿ!"

ಎಮ್ಮೆಯ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಮೇಡಂ ಕಡತ ಎಸೆದು, ಕೈ ಬೀಸುತ್ತ ಅಡ್ಡ ಓಡಿದರು. "ಅಪ್ಪಾ! ಬೇಡಪ್ಪಾ! ಇಳಿ, ಅಪ್ಪಾ!"

ಇದು ಕಲಮು 2ರ ಸ್ಪಷ್ಟ ಉಲ್ಲಂಘನೆ. ಆದರೆ ಆ ಕೂಗು ಕೇಳಿಯೇ ಯಜಮಾನರು ಹಿಂದುಮುಂದು ನೋಡದೆ ಕೆಳಗೆ ಧುಮುಕಿದರು. "ಡ್ರೈವರೇ" ಎಂದಿದ್ದರೆ ಕಾರಣ ಕೇಳುತ್ತಿದ್ದರು. ಅವರು ಧುಮುಕಿ ಅಂಚಿಗೆ ಹಾರಿದ ಮೇಲೆ ಎಮ್ಮೆ ತಾನೇ ತಾನಾಗಿ ಸ್ವಲ್ಪ ಮುಂದೆ ಹೋಗಿ, ಮೂತಿ ತಗ್ಗಿಸಿ, ನಿಟ್ಟುಸಿರಿನಂಥ ಸದ್ದು ಮಾಡಿ, ಕೆಸರಿನಲ್ಲಿ ಕುಳಿತುಬಿಟ್ಟಿತು. ಎಮ್ಮೆಗೆ ಕೆಸರು ಕಂಡರೆ ಬಿಟ್ಟೀತೇ?

ತಂದೆ ಮಗಳು ಒಬ್ಬರ ತೋಳನ್ನೊಬ್ಬರು ಹಿಡಿದು ಒಂದು ಗಳಿಗೆ ನಿಂತರು. ಆಮೇಲೆ ಇಬ್ಬರೂ ಓಡಿ ಕಾವಲುಗಾರರ ಕೊಠಡಿಯ ಬಾಗಿಲನ್ನು ಕಿತ್ತು ತಂದು ಕೆಸರಿನ ಮೇಲೆ ಅಂಗಾತ ಹಾಸಿದರು. ಮೇಡಂ ಅದರ ಮೇಲೆ ಮಕಾಡೆ ಮಲಗಿ ತೆವಳಿದರು. ಅವರ ಕಾಲನ್ನು ಯಜಮಾನರು ಹಿಡಿದುಕೊಂಡರು. ಮುಖ್ಯಾಧಿಕಾರಿಗಳ ಕಂಕುಳಿಗೆ ಹಗ್ಗ ಸುತ್ತುವಾಗ ಅವರು, "ಆ ಕಡತ ಎಲ್ಲಮ್ಮ?" ಎಂದು ಕೇಳಿದರು.

"ಮೊದಲು ಹೊರಗೆ ಬನ್ನಿ ಸಾರ್!"

"ಬೇಡ. ಹೊರಗೆ ಬಂದ್ರೆ ಮಳೆ ನೆನಪಾಗುತ್ತೆ, ಚೀಲ ನೆನಪಾಗುತ್ತೆ, ನನ್ನ ಬುದ್ಧಿ ನನಗೇ ಗೊತ್ತು. ಇಲ್ಲೇ ಕೊಡು. ಈಗ ನನಗೆ ಜೇಡಿ ಅಂದ್ರೆ ಏನು ಅಂತ ಚೆನ್ನಾಗಿ ಅರ್ಥ ಆಗ್ತಾ ಇದೆ."

ಕಾವಲುಗಾರರು ಕಡತ ಹೆಕ್ಕಿ ತಂದರು. ಮುಖ್ಯಾಧಿಕಾರಿಗಳು ಬಾಗಿಲನ್ನೇ ಮೇಜು ಮಾಡಿಕೊಂಡು "ತೋಡಿ. ಪೂರ್ತಿ ತೋಡಿ" ಎಂದು ಬರೆದು ಸಹಿ ಹಾಕಿದರು. ಅನಂತರ ಎಲ್ಲರೂ ಹಗ್ಗ ಎಳೆದರು. ಅವರು ಬಂದರು, ಬೂಟುಗಳು ಬರಲಿಲ್ಲ.

ಹೂತವರನ್ನು ರೋಲರಿನಿಂದ ಎಳೆಯತಕ್ಕದ್ದಲ್ಲ. ಕಾವಲುಗಾರರ ಕೊಠಡಿಯ ಬಾಗಿಲನ್ನು ಇನ್ನು ಮುಂದೆ ಸುಲಭವಾಗಿ ಕೀಳಲು ಬರುವಂತೆಯೇ ಕೂರಿಸತಕ್ಕದ್ದು. ಪ್ರಾಣಾಪಾಯದ ಸಂದರ್ಭದಲ್ಲಿ ಕಲಮು 2ನ್ನು ಸಡಿಲಿಸಿ, ಬಾಯಿಗೆ ಬಂದಂತೆ ಕರೆಯಲು ಅನುಮತಿಸಲಾಗಿದೆ.

8. ದೂರವಾಣಿಯಲ್ಲಿ ಬಳಸಬೇಕಾದ ಭಾಷೆಯ ಕುರಿತು

ಈ ಗದ್ದಲದ ಆರಂಭದಲ್ಲೇ ಕಾವಲುಗಾರರು ಸಹಾಯ ಕೋರಿ ಕಚೇರಿಗೆ ಫೋನು ಮಾಡಿದ್ದರು. ಎಮ್ಮೆಯ ಸದ್ದಿನ ನಡುವೆ ಕಚೇರಿಗೆ ಕೇಳಿಸಿದ್ದು ಇಷ್ಟೇ: "ಸಾಹೇಬ್ರು ಹೋದ್ರು! ಮಣ್ಣು... ಎಲ್ಲರೂ ಬನ್ನಿ!"

ಈ ಮಾತಿಗೆ ನಮ್ಮ ಭಾಷೆಯಲ್ಲಿ ಇರುವ ಇನ್ನೊಂದು ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಚೇರಿಯು ಕಣ್ಣೀರಿಟ್ಟು, ಅರ್ಧ ದಿನ ರಜೆ ಘೋಷಿಸಿಕೊಂಡು, ಚೀಲಗಳ ಮೇಲೆ ಸಂತಾಪ ಸಭೆ ಸೇರಿತು. "ಅವರು ಯಾವತ್ತೂ ಯಾರಿಗೂ ಬೈದವರಲ್ಲ" ಎಂದು ಗುಮಾಸ್ತರೊಬ್ಬರು ಗದ್ಗದಿತರಾಗಿ ಮಾತಾಡುತ್ತಿರುವಾಗ ಮುಖ್ಯಾಧಿಕಾರಿಗಳು ಬರಿಗಾಲಲ್ಲಿ, ಸೊಂಟದಿಂದ ಕೆಳಗೆ ಕರ್ರಗಾಗಿ ಬಾಗಿಲಲ್ಲಿ ನಿಂತರು. ಒಬ್ಬರು ಚೀಲದಿಂದ ಹಿಂದಕ್ಕೆ ಉರುಳಿದರು. ಮುಖ್ಯಾಧಿಕಾರಿಗಳು ಅಕ್ಕಿ ಚೀಲದ ಮೇಲೆ ಕುಳಿತು, "ನಿಲ್ಲಿಸಬೇಡ್ರೀ, ಚೆನ್ನಾಗಿದೆ, ಮುಂದುವರಿಸಿ," ಎಂದರು. ಭಾಷಣ ಪೂರ್ತಿಯಾಯಿತು. ಅವರು ಎರಡು ಕಡೆ ತಿದ್ದುಪಡಿ ಸೂಚಿಸಿದರು.

ಇನ್ನು ಮುಂದೆ ಫೋನಿನಲ್ಲಿ ಅಧಿಕಾರಿಗಳು ಎಷ್ಟು ಹೋದರು, ಎಲ್ಲಿಯವರೆಗೆ ಹೋದರು, ಮಾತಾಡುತ್ತಿದ್ದಾರೆಯೇ ಎಂಬುದನ್ನು ಸ್ಪಷ್ಟಪಡಿಸತಕ್ಕದ್ದು. ಸಂತಾಪ ಸೂಚಿಸುವ ಮೊದಲು ಸಂಬಂಧಪಟ್ಟವರ ಒಪ್ಪಿಗೆ ಪಡೆಯತಕ್ಕದ್ದು. ಅರ್ಧ ದಿನದ ರಜೆಯನ್ನು ಹಿಂಪಡೆಯಲಾಗಿದೆ. ಕಣ್ಣೀರನ್ನು ಹಿಂಪಡೆಯಲು ಸಾಧ್ಯವಿಲ್ಲದ್ದರಿಂದ ಮೆಚ್ಚಿಕೊಳ್ಳಲಾಗಿದೆ.

9. ಗಾದೆಯ ಕುರಿತು

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಉಲ್ಲೇಖಿಸಿ, ಮೈಯೆಲ್ಲ ಕೆಸರಾದವರಿಗೆ ಎಷ್ಟು ಮೊಸರು ಎಂದು ಕೇಳಿ ಬಂದಿರುವ ಅರ್ಜಿಗಳನ್ನು ತಿರಸ್ಕರಿಸಲಾಗಿದೆ. ಗಾದೆಯು ಇಲಾಖೆಯ ನಿಯಮಾವಳಿಯಲ್ಲಿ ಸೇರಿರುವುದಿಲ್ಲ.

10. ಎಮ್ಮೆಯನ್ನು ಮೇಲೆತ್ತಿದ ಕುರಿತು

ಆ ಸಂಜೆ ಎಲ್ಲರೂ ಹೋದ ಮೇಲೂ ಯಜಮಾನರು ಮೂಲೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತೇ ಇದ್ದರು. ಎಮ್ಮೆಯ ಬೆನ್ನು ಮತ್ತು ಕೊಳವೆ ಮಾತ್ರ ಕಾಣುತ್ತಿತ್ತು. ಮಗಳು ಪಕ್ಕದಲ್ಲಿ ಬಂದು ಕುಳಿತರು. ಕೆಸರು ಮೆತ್ತಿದ ಅವರ ಬಟ್ಟೆಯೆಲ್ಲ ಒಣಗಿ ತಗಡಿನಂತಾಗಿತ್ತು. ಗೇಟಿನ ಒಳಗೇ ಇದ್ದರೂ ಈ ಮಾತುಕತೆಗೆ ಕಲಮು 2 ಅನ್ವಯಿಸುವುದಿಲ್ಲವೆಂದು ಇಲಾಖೆ ತೀರ್ಮಾನಿಸಿದೆ.

"ಅಮ್ಮ ಕಾಯ್ತಾ ಇರ್ತಾಳೆ, ಏಳಪ್ಪ."

"ಕೊನೇ ನೆಲ ಕಣೇ. ಕೊನೇ ನೆಲದಲ್ಲೇ ಮರ್ಯಾದೆ ಹೋಯ್ತು."

"ಹೋಗಿದ್ದು ರೋಲರ್ ಅಷ್ಟೆ. ನೀನು ಧುಮುಕಿ ಬಂದೆಯಲ್ಲ, ನನಗೆ ಅದೇ ಸಾಕು."

ಯಜಮಾನರು ಒಂದು ಹಿಡಿ ಜೇಡಿ ತೆಗೆದು ಹಿಂಡಿದರು, ಅದು ಬೆರಳ ಸಂದಿಯಿಂದ ಹೊರಬಂತು. ಆಮೇಲೆ, "ಮೂರು ಮೂಲೆ ಗಟ್ಟಿ ಇತ್ತು ನೋಡು, ಅದೇ ಧೈರ್ಯದಲ್ಲಿ ನಾಲ್ಕನೇದನ್ನೂ ಗಟ್ಟಿ ಅಂದುಬಿಟ್ಟೆ," ಎಂದರು.

"ನಾನು ಮಾತ್ರ ಏನು? ಜೇಡಿ ನೋಡೋ ಗಲಾಟೆಯಲ್ಲಿ ಸಾಹೇಬ್ರನ್ನ ನೋಡೋದೇ ಮರೆತೆ. ಅವರಿಗೇನಾದ್ರೂ ಆಗಿದ್ರೆ?"

"ಅವರಿಗೇನಾಗುತ್ತೆ. ಜೇಡಿಗೇ ಭಾರ ತಡೆಯೋಕೆ ಆಗಲಿಲ್ಲ, ಪಾಪ," ಎಂದರು ಯಜಮಾನರು. ಇಬ್ಬರಿಗೂ ಒಟ್ಟಿಗೇ ನಗು ಬಂತು. ಅಂಚಿನಿಂದ ಜಾರುವಷ್ಟು ನಕ್ಕರೆಂದು ಬಾಗಿಲಿಲ್ಲದ ಕೊಠಡಿಯಿಂದ ನೋಡುತ್ತಿದ್ದ ಕಾವಲುಗಾರರು ವರದಿ ಮಾಡಿರುತ್ತಾರೆ.

ಎಮ್ಮೆಯನ್ನು ಎತ್ತಬೇಕಾದರೆ ಸುತ್ತಲೂ ತೋಡಬೇಕಿತ್ತು. ಸುತ್ತ ತೋಡಿದರೆ ಜೇಡಿ ಜರುಗಿ ಮತ್ತೆ ತುಂಬುತ್ತಿತ್ತು. ಹಾಗಾಗಿ ಇನ್ನೂ ಅಗಲಕ್ಕೆ, ಇನ್ನೂ ಆಳಕ್ಕೆ ತೋಡಿ, ಒಸರುವ ನೀರನ್ನು ಪಂಪಿನಿಂದ ಹೊರಹಾಕಿ, ಕೊನೆಗೆ ಗರಸಿನ ಇಳಿಜಾರು ಮಾಡಿ ಎಮ್ಮೆಯನ್ನು ಹಿಮ್ಮುಖವಾಗಿ ಎಳೆದು ತೆಗೆಯಲಾಯಿತು. ಎಮ್ಮೆ ದಡ ಸೇರಿದಾಗ ನಾಲ್ಕನೆಯ ಮೂಲೆಯಲ್ಲಿ ಒಂದು ಬಾಣಲಿಯಷ್ಟು ಜೇಡಿಯೂ ಉಳಿದಿರಲಿಲ್ಲ. ತಿಂಗಳುಗಟ್ಟಲೆ ಎಳೆಯಬಹುದಾಗಿದ್ದ ಕೆಲಸ ಎಮ್ಮೆಯ ಮೇಲಿನ ಮಮತೆಯಿಂದ ಬೇಗನೆ ಮುಗಿದುಹೋಗಿತ್ತು.

ಇದನ್ನು ನೋಡಿ, ತೋಡುವ ಕೆಲಸ ತಡವಾಗುತ್ತಿರುವ ಇತರ ಶಾಖೆಗಳು ತಮ್ಮ ರೋಲರುಗಳನ್ನು ಬೇಕೆಂದೇ ಕೆಸರಿಗೆ ಇಳಿಸತಕ್ಕದ್ದಲ್ಲ.

11. ಪದರಗಳ ಕುರಿತು

ಅನಂತರ ಗರಸು ಬಂತು. ತೆಳುವಾಗಿ ಹಾಸಿ, ನೀರು ಚಿಮುಕಿಸಿ, ಯಜಮಾನರು ಎಮ್ಮೆಯನ್ನು ಓಡಿಸಿದರು. ಪ್ರತಿ ಪದರ ಮುಗಿದ ಕೂಡಲೇ ತಾವೇ ಇಳಿದು ಬಂದು, "ಮೇಡಂ, ನೋಡಿ," ಎನ್ನುತ್ತಿದ್ದರು. ಮೇಡಂ ಮಣ್ಣನ್ನು ಕೆರೆದು, ತಿಕ್ಕಿ, ಉಂಡೆ ಕಟ್ಟಿ, "ಇನ್ನೊಂದು ಸಲ," ಎನ್ನುತ್ತಿದ್ದರು. ಒಮ್ಮೆ ಮೇಡಂ ಸಾಕೆಂದರೂ ಯಜಮಾನರೇ ಒಪ್ಪದೆ, "ಇಲ್ಲ ಮೇಡಂ, ನೀರು ಸಾಲದು, ಪುಡಿ ಏಳ್ತಾ ಇದೆ," ಎಂದು ಮತ್ತೆ ಹೊಡೆದರು. ಮೇಡಂ ಮತ್ತೆ ಉಂಡೆ ಕಟ್ಟಿ ನೋಡಿದರು. ಯಜಮಾನರ ಮಾತೇ ಸರಿಯಾಗಿತ್ತು. ಮಣ್ಣಿನ ಮಾತು ಈಗ ಮನೆಯ ಹೊಸ್ತಿಲನ್ನೂ ದಾಟಿದೆಯೆಂದೂ, ಅಮ್ಮನವರು ಸೌಟು ಕುಟ್ಟುವುದನ್ನು ಬಿಟ್ಟು "ಇವತ್ತು ಎಷ್ಟನೇ ಪದರ?" ಎಂದು ತಾವೇ ಕೇಳುತ್ತಿದ್ದಾರೆಂದೂ ತಿಳಿದುಬಂದಿದೆ. ಕಲಮು 4ರ ಈ ಉಲ್ಲಂಘನೆಯನ್ನು ಆದೇಶ ಹೊರಡಿಸಿದವರೇ ಮಾಡಿರುವುದರಿಂದ ಇಲಾಖೆ ಅಸಹಾಯಕವಾಗಿದೆ.

12. ಕೊನೆಯ ಪದರದ ಕುರಿತು

ಕೊನೆಯ ಪದರದ ಕೊನೆಯ ಸುತ್ತು ಬಾಕಿಯಿದ್ದಾಗ ಯಜಮಾನರು ಎಮ್ಮೆಯನ್ನು ನಿಲ್ಲಿಸಿ ಕೆಳಗಿಳಿದರು. ಪಶ್ಚಿಮದಲ್ಲಿ ಮೋಡ ಕಟ್ಟಿತ್ತು. ಹೆಗಲ ಮೇಲಿನ ಟವೆಲಿನಿಂದ ಸೀಟು ಒರೆಸಿ, ಅವರು ಮಗಳ ಕಡೆ ತಿರುಗಿ, "ಹತ್ತಮ್ಮ," ಎಂದರು.

ಮಗಳಿಗೆ ಅರ್ಥವಾಗಲಿಲ್ಲ.

"ಸಣ್ಣವಳಿದ್ದಾಗ ನೀನು ದಿನಾ ಕೇಳ್ತಿದ್ದೆ, ನಾನೂ ಓಡಿಸ್ಲಾ ಅಂತ. ನಾನು ದಿನಾ ಬೇಡ ಅಂತಿದ್ದೆ. ಇದು ನಾನು ನೀನು ಇಬ್ಬರೂ ಸೇರಿ ಕಟ್ಟಿದ ನೆಲ. ಕೊನೇ ಸುತ್ತು ನಿಂದು."

ಇಲಾಖೆಯ ನಿಯಮದಂತೆ, ನೇಮಕಗೊಂಡ ಚಾಲಕರ ಹೊರತು ಬೇರೆ ಯಾರೂ ರೋಲರ್ ಓಡಿಸತಕ್ಕದ್ದಲ್ಲ. ಆದ್ದರಿಂದ ಆ ಕೊನೆಯ ಸುತ್ತಿನಲ್ಲಿ ಎಮ್ಮೆಯನ್ನು ಓಡಿಸಿದವರು ಯಾರೆಂದು ವಿಚಾರಣೆ ನಡೆಸಲಾಯಿತು. ಸ್ಥಳದಲ್ಲಿ ಎಲ್ಲ ಸಿಬ್ಬಂದಿಯೂ ಹಾಜರಿದ್ದರು. ಆ ಹೊತ್ತಿನಲ್ಲಿ ತಾವು ಮೋಡ ನೋಡುತ್ತಿದ್ದೆವೆಂದು ಅವರೆಲ್ಲರೂ ಒಂದೇ ಧಾಟಿಯಲ್ಲಿ ಹೇಳಿಕೆ ನೀಡಿರುತ್ತಾರೆ. ಮುಖ್ಯಾಧಿಕಾರಿಗಳು ಎಲ್ಲರಿಗಿಂತ ಮೊದಲು ಮೋಡದ ಕಡೆ ತಿರುಗಿದರೆಂಬುದಕ್ಕೆ ಸಾಕ್ಷ್ಯವಿದೆ. ಯಜಮಾನರು ಮಾತ್ರ ರೋಲರಿನ ಪಕ್ಕದಲ್ಲೇ ನಡೆಯುತ್ತಿದ್ದರು. ಅವರನ್ನು ಕೇಳಲಾಗಿ, ಕಣ್ಣಿಗೆ ಧೂಳು ಬಿದ್ದು ಏನೂ ಕಾಣಿಸಲಿಲ್ಲವೆಂದು ತಿಳಿಸಿ, ಟವೆಲಿನಿಂದ ಮತ್ತೆ ಕಣ್ಣು ಒರೆಸಿಕೊಂಡರು.

ನೆಲಕ್ಕೆ ಆಗಷ್ಟೇ ನೀರು ಚಿಮುಕಿಸಲಾಗಿತ್ತು, ಧೂಳು ಇರಲಿಲ್ಲ. ಆದರೂ ಇಲಾಖೆಯು ಸದರಿ ಹೇಳಿಕೆಯನ್ನು ಒಪ್ಪಿಕೊಂಡು ವಿಚಾರಣೆಯನ್ನು ಮುಕ್ತಾಯಗೊಳಿಸಿದೆ.

(ಸಹಿ ಇದೆ, ಒತ್ತಿ ಹಾಕಿರುವುದಿಲ್ಲ)
ಮುಖ್ಯಾಧಿಕಾರಿಗಳು
ಗೋದಾಮು ನಿರ್ಮಾಣ ಇಲಾಖೆ

ಪ್ರತಿಗಳು:

1. ಎಲ್ಲ ಶಾಖಾಧಿಕಾರಿಗಳಿಗೆ: ಕುಳಿತು ಓದಿಕೊಳ್ಳಲು.
2. ಸಹಾಯಕ ಎಂಜಿನಿಯರ್, ನೆಲ ಮತ್ತು ಮಣ್ಣು ಶಾಖೆ: ಮಾಹಿತಿಗಾಗಿ. ಮೂಸಿ ನೋಡುವ ಅಗತ್ಯವಿಲ್ಲ.
3. ನಿವೃತ್ತ ರೋಲರ್ ಚಾಲಕರಿಗೆ: ಮನೆಯ ವಿಳಾಸಕ್ಕೆ.
4. ಅವರ ಶ್ರೀಮತಿಯವರಿಗೆ: ಮುಂದಿನ ಆದೇಶಗಳನ್ನು ಕರಡು ಮಾಡಲು ಇಲಾಖೆಗೆ ಸಹಕರಿಸುವಂತೆ ಕೋರಿಕೆಯೊಂದಿಗೆ.
5. ಕಾವಲುಗಾರರಿಗೆ: ಫೋನಿನಲ್ಲಿ ಓದಿ ಹೇಳದಿರಲು.
6. ಸಂತಾಪ ಭಾಷಣ ಮಾಡಿದ ಗುಮಾಸ್ತರಿಗೆ: ಭಾಷಣದ ಒಂದು ಪ್ರತಿಯನ್ನು ಮುಖ್ಯಾಧಿಕಾರಿಗಳ ಮನೆಗೆ ತಲುಪಿಸತಕ್ಕದ್ದು, ಮನೆಯವರು ನಂಬುತ್ತಿಲ್ಲ.
7. ಇಲಿಗಳಿಗೆ: ಹೊಸ ಗೋದಾಮು ಏಳುತ್ತಿದ್ದಂತೆ ಚೀಲಗಳು ಅಲ್ಲಿಗೆ ಹೊರಡಲಿರುವುದರಿಂದ ಕಪಾಟು ತೆರವುಗೊಳಿಸಲು. ಈ ಪ್ರತಿಯನ್ನು ಈಗಾಗಲೇ ಸ್ವೀಕರಿಸಿ, ಅರ್ಧ ತಿಂದಿರುವುದು ಕಂಡುಬಂದಿದೆ.